ಬಾಯಿ ಬಿಡದ ಹುಡುಗ

ಮಂಡ್ಯ
14 ಜುಲೈ 2024

ಮಾವ,

ಅಮೃತಳ ಕೈಯಲ್ಲಿ ಒಂದು ಪುಸ್ತಕ ಕಳಿಸಿದ್ದೇನೆ. ಅವಳು ನನ್ನ ಕ್ಲಾಸಿನವಳು. ನಿಮ್ಮ ಆತಗೂರಿನಿಂದಲೇ ಬಸ್ಸಿನಲ್ಲಿ ಮದ್ದೂರಿಗೆ ಬಂದು, ಅಲ್ಲಿಂದ ರೈಲು ಹತ್ತಿ ದಿನಾ ಮಂಡ್ಯಕ್ಕೆ ಓಡಾಡುತ್ತಾಳೆ. ಉತ್ತರ ಬರೆದರೆ ಅವಳಿಗೇ ಕೊಡು. ಫೋನು ಮಾಡಿ ಪ್ರಯೋಜನವಿಲ್ಲ. ನಮ್ಮ ನರ್ಸಿಂಗ್ ಹಾಸ್ಟೆಲಿನಲ್ಲಿ ಎಲ್ಲರ ಫೋನೂ ವಾರ್ಡನ್ ಬೀರುವಿನಲ್ಲಿರುತ್ತದೆ. ಭಾನುವಾರ ಒಂದಿಷ್ಟು ಹೊತ್ತು ಕೈಗೆ ಸಿಕ್ಕರೆ ಅದನ್ನು ಅಮ್ಮನೇ ಮುಗಿಸಿಬಿಡುತ್ತಾಳೆ.

ಮೊನ್ನೆ ರಜಕ್ಕೆ ಅಜ್ಜಿ ಮನೆಗೆ ಬಂದಾಗ ನಿನ್ನನ್ನು ನೋಡಿ ಬೇಜಾರಾಯಿತು. ಆ ಮಳವಳ್ಳಿ ಕಡೆಯ ಹೆಣ್ಣಿನವರೂ ಆಗುವುದಿಲ್ಲ ಅಂದರಂತೆ. ಅಜ್ಜಿ ಒಳಗೆ ಗೊಳೋ ಅನ್ನುತ್ತಿದ್ದಳು, ನೀನು ಜಗಲಿಯ ಮೇಲೆ ಕೂತು ಪಂಪ್‌ಸೆಟ್ಟಿನ ನಟ್ಟು ಒರೆಸುತ್ತಿದ್ದೆ. ಅದು ಆಗಲೇ ಫಳಫಳ ಹೊಳೆಯುತ್ತಿತ್ತು.

ಇದು ಜಪಾನಿನ ಚಿತ್ರಕಥೆ, ಮಾಂಗಾ ಅನ್ನುತ್ತಾರೆ. ಇಂಗ್ಲಿಷಿಗೆ ಬಂದಿದೆ, ಒಟ್ಟು ಹತ್ತು ಪುಸ್ತಕ. ನಾವು ರೂಮಿನವರೆಲ್ಲ ಸೇರಿ ಒಂದೊಂದಾಗಿ ಕೊಳ್ಳುತ್ತಿದ್ದೇವೆ. ಬಿ.ಎ. ಓದಿದ ಇಂಗ್ಲಿಷೆಲ್ಲ ಮರೆತುಹೋಯಿತು ಅನ್ನಬೇಡ, ಇದರಲ್ಲಿ ಮಾತು ಕಡಿಮೆ, ಚಿತ್ರವೇ ಹೆಚ್ಚು. ಒಂದು ಹೊಳೆ. ಆಚೆ ದಡದಲ್ಲಿ ಕಿನುಯೊ ಅನ್ನುವ ಹುಡುಗಿ, ಈಚೆ ದಡದಲ್ಲಿ ಶೋಹೇ ಅನ್ನುವ ಹುಡುಗ, ನಡುವೆ ಮರದ ಸೇತುವೆ. ಹುಡುಗನ ಮನೆಯದು ಭತ್ತದ ಗದ್ದೆ. ಓದಿ ನೋಡು, ಬೈಯಬೇಡ.

ನಮ್ಮ ಪುಸ್ತಕದ ಕೊನೆಯ ಪುಟವೇ ಅವರ ಪುಸ್ತಕದ ಮೊದಲ ಪುಟ. ಬಲದಿಂದ ಎಡಕ್ಕೆ ಓದಬೇಕು. ಮರೆಯಬೇಡ.

ನಿನ್ನ ಅಕ್ಕನ ಮಗಳು,
ಹೇಮಶ್ರೀ


ಆತಗೂರು
2 ಆಗಸ್ಟ್ 2024

ಹೇಮ,

ಮರೆತೆ. ಎಡದಿಂದಲೇ ಓದಿದೆ. ಹುಡುಗಿ ಮೊದಲು ಹೊಳೆಯ ಹತ್ತಿರ ಅಳುತ್ತಾಳೆ, ಆಮೇಲೆ ಕಾರಣವಿಲ್ಲದೆ ನಗುತ್ತಾಳೆ, ಆಮೇಲೆ ಅವರಿಬ್ಬರಿಗೂ ಪರಿಚಯವೇ ಇಲ್ಲ. ಎಂಥ ಜನವಪ್ಪ ಅಂದುಕೊಂಡೆ. ತಿರುಗಿಸಿ ಸರಿಯಾಗಿ ಓದಿದಾಗಲೂ ಸಿಟ್ಟೇ ಬಂತು. ಅಷ್ಟು ದಪ್ಪ ಪುಸ್ತಕದಲ್ಲಿ ಆದದ್ದೇನು? ಅವನು ಅವಳ ಕೊಡೆ ಇಸಿದುಕೊಂಡ, ಕೊನೆಗೆ ವಾಪಸು ಕೊಟ್ಟ. ಅದರಲ್ಲೂ ಎಷ್ಟೋ ಪುಟ ಬರೀ ಕೊಡೆಯ ಹಿಡಿಕೆ, ಹಿಡಿಕೆಯ ಮೇಲೆ ಅವಳ ಬೆರಳು, ಅದನ್ನು ನೋಡುವ ಅವನ ಕಿವಿ. ಕಿವಿ ಕೆಂಪಾಗಿದೆ ಅಂತ ತೋರಿಸಲು ಒಂದು ಪೂರಾ ಪುಟ! ನಮ್ಮೂರಲ್ಲಾದರೆ ಅಷ್ಟು ಹೊತ್ತಿಗೆ ನಾಮಕರಣವೇ ಮುಗಿದಿರುತ್ತಿತ್ತು.

ಮಳವಳ್ಳಿ ಕಡೆ ಹೋಗಿದ್ದೆವಲ್ಲ, ಅಲ್ಲಿ ನಡೆದದ್ದನ್ನು ನಿನ್ನ ಅಮ್ಮನಿಗೂ ಸರಿಯಾಗಿ ಹೇಳಿಲ್ಲ. ಉಪ್ಪಿಟ್ಟು ಕೊಟ್ಟರು. ಹುಡುಗಿಯ ಚಿಕ್ಕಪ್ಪ ಕೇಳಿದ, "ಬೆಂಗ್ಳೂರಲ್ಲಿ ಸೈಟೈತಾ?" ಇಲ್ಲ ಅಂದೆ. "ಗೌರ್ಮೆಂಟ್ ಕೆಲ್ಸುಕ್ಕೆ ಟ್ರೈ ಮಾಡ್ನಿಲ್ವಾ?" ಇಲ್ಲ ಅಂದೆ. "ಜಮೀನಿದ್ರೆ ಏನ್ ಬಂತಪ್ಪ? ನಮ್ ಉಡ್ಗಿ ಸಗಣಿ ಬಾಚಾಕೆ ಡಿಗ್ರಿ ಮಾಡವ್ಳಾ?" ಅಂದ. ಹುಡುಗಿ ತಟ್ಟೆ ಇಟ್ಟವಳು ಒಳಗೆ ಹೋದಳು. ಉಪ್ಪಿಟ್ಟು ಆರುವ ಮೊದಲೇ ಎಲ್ಲ ಮುಗಿದಿತ್ತು. ಅವಳ ದನಿ ಹೇಗಿದೆ ಅಂತ ನನಗೆ ಗೊತ್ತಿಲ್ಲ ಹೇಮ. ನನ್ನನ್ನು ಬೇಡ ಅಂದದ್ದು ಅವಳೋ ಅವಳ ಚಿಕ್ಕಪ್ಪನೋ, ಅದೂ ಗೊತ್ತಿಲ್ಲ.

ಆ ಕೊಡೆಯ ಪುಟಗಳನ್ನು ಇನ್ನೊಂದು ಸಲ ನೋಡಿದೆ. ಎರಡನೆಯದು ಇದ್ದರೆ ಕಳಿಸು. ಇಲ್ಲದಿದ್ದರೂ ನಷ್ಟವೇನಿಲ್ಲ.

ನಿನ್ನ ಮಾವ,
ಮಹದೇವು


ಮಂಡ್ಯ
22 ಸೆಪ್ಟೆಂಬರ್ 2024

ಮಾವ,

ನಷ್ಟವೇನಿಲ್ಲ ಅಂದವನು ಅಮೃತಳನ್ನು ಬಸ್‌ಸ್ಟಾಂಡಿನಲ್ಲಿ ನಿಲ್ಲಿಸಿ "ಬಂತಾ, ಬಂತಾ" ಅಂತ ಕೇಳುತ್ತೀಯಂತೆ. ಅವಳಿಗೆ ನಗು. ಎರಡು, ಮೂರು, ನಾಲ್ಕು ಒಟ್ಟಿಗೇ ಕಳಿಸಿದ್ದೇನೆ. ಹಾಲಿನ ಕ್ಯಾನಿನ ಮೇಲೆ ಇಟ್ಟುಕೊಂಡು ಓದಬೇಡ.

ಇದರಲ್ಲಿ ನಿಮಗೆ ಏನು ಅಷ್ಟು ಇಷ್ಟ ಅಂತ ಅಮೃತಳ ಹತ್ತಿರ ಕೇಳಿದೆಯಂತೆ. ಅವಳು ಏನು ಹೇಳಿದಳೋ. ನಾನು ಹೇಳುತ್ತೇನೆ ಕೇಳು. ನಮ್ಮ ಕಡೆ ಪ್ರೀತಿ ಅಂದರೆ ಒಂದೋ ಓಡಿಹೋದರು ಅನ್ನುವ ಸುದ್ದಿ, ಇಲ್ಲವೇ ಲಗ್ನಪತ್ರಿಕೆ ಹಂಚುವ ಗಡಿಬಿಡಿ. ಎರಡರ ನಡುವೆ ಏನಿರುತ್ತದೆ ಅಂತ ನಮಗೆ ಯಾರೂ ತೋರಿಸಿಲ್ಲ. ಈ ಪುಸ್ತಕದಲ್ಲಿ ಆ ನಡುವಿನದೇ ಇರುವುದು. ಅವನೂ ಹೆದರುತ್ತಾನೆ. ಹುಡುಗ ಹೆದರುವುದನ್ನು ನಾನು ಎಲ್ಲೂ ನೋಡಿರಲಿಲ್ಲ. ಕಿನುಯೊ ಒಂದು ಮಾತು ಆಡಿದರೆ ಅವನು ಆ ಮಾತನ್ನು ಮನೆಗೆ ತೆಗೆದುಕೊಂಡು ಹೋಗಿ ರಾತ್ರಿ ಊಟದ ಹೊತ್ತಿಗೂ ಯೋಚಿಸುತ್ತಾನೆ. ನಮ್ಮಪ್ಪ ಅಮ್ಮನ ಯಾವ ಮಾತನ್ನಾದರೂ ಹಾಗೆ ಯೋಚಿಸಿದ್ದು ಉಂಟಾ?

ಇನ್ನೊಂದು ವಿಷಯ. ನಮ್ಮನ್ನು ಈಗ ಎಳೆಗೂಸುಗಳ ವಾರ್ಡಿಗೆ ಹಾಕಿದ್ದಾರೆ. ತಿಂಗಳು ತುಂಬದೆ ಹುಟ್ಟಿದವು, ಅಂಗೈಯಷ್ಟು ಇರುತ್ತವೆ. ಮೊದಲ ದಿನ ಮುಟ್ಟಲೂ ಹೆದರಿದೆ. ಈಗ ಆ ವಾರ್ಡು ಬಿಟ್ಟು ಬರಲು ಮನಸ್ಸಿಲ್ಲ. ನಾಲ್ಕನೆಯ ವರ್ಷ ಮುಗಿಸಿ ಇದರಲ್ಲೇ ಮುಂದೆ ಓದಬೇಕು. ಅಮ್ಮನಿಗೆ ಇನ್ನೂ ಹೇಳಿಲ್ಲ, ನೀನೂ ಹೇಳಬೇಡ.

ಹೇಮ


ಆತಗೂರು
10 ನವೆಂಬರ್ 2024

ಹೇಮ,

ನಾಲ್ಕನೆಯ ಪುಸ್ತಕ ಕಲಗಚ್ಚಿನ ಬಾನಿಗೆ ಬಿತ್ತು. ಬಿತ್ತು ಅಂದರೆ ನಾನೇ ಎಸೆದೆ. ಗೋಡೆಗೆ ಎಸೆದದ್ದು ಅಲ್ಲಿಗೆ ಹೋಯಿತು. ಹಸು ಮೂತಿ ಹಾಕುವ ಮೊದಲು ಎತ್ತಿ ಬಿಸಿಲಿಗೆ ಇಟ್ಟಿದ್ದೇನೆ. ಒಣಗಿದೆ, ಸ್ವಲ್ಪ ಉಬ್ಬಿದೆ. ನಿನ್ನ ರೂಮಿನವರಿಗೆ ಹೊಸದು ಕೊಡಿಸುತ್ತೇನೆ.

ಎಸೆಯದೆ ಏನು ಮಾಡಲಿ? ಆ ಹುಡುಗಿ ಪಟ್ಟಣದ ಕಾಲೇಜಿಗೆ ಹೊರಟಿದ್ದಾಳೆ. ಅವನ ಬಾಯಿಂದ ಒಂದು ಮಾತು ಬರಲಿ ಅಂತಲೇ ಸೇತುವೆಯ ಮೇಲೆ ಬಂದು ನಿಂತಿದ್ದಾಳೆ. ಅದು ಕುರುಡನಿಗೂ ಗೊತ್ತಾಗುತ್ತದೆ. ಅವನು ಬಾಯಿ ತೆಗೆದ, ಮುಚ್ಚಿದ, ಮತ್ತೆ ತೆಗೆದ. ಪುಟ ತಿರುಗಿಸಿದರೆ "ನಾಳೆ ಮಳೆ ಬರಬಹುದು" ಅನ್ನುತ್ತಾನೆ! ಮಳೆಯಂತೆ! ಅವಳು "ಹೌದು, ಬರಬಹುದು" ಅಂದು ಹೊರಟುಹೋದಳು.

ನಾನು ಬೈದದ್ದು ಕೇಳಿ ಅವ್ವ ಬಂದಳು. "ಇದೇನ್ಲಾ, ಗೊಂಬೆ ಪುಸ್ತುಕುಕ್ಕೆ ಬಯ್ತಾ ಕುಂತಿದ್ದೀಯೆ?" ಕಥೆ ಹೇಳಿದೆ. ಒದ್ದೆ ಪುಸ್ತಕವನ್ನು ತಿರುಗಿಸಿ ಮುರುಗಿಸಿ ನೋಡಿ, "ಈ ಉಡ್ಗುಂಗೆ ಬಾಯಿಲ್ವಾ? ಇದ್ಯಾರ್ ಕೊಟ್ರು ನಿಂಗೆ?" ಅಂದಳು. ಹೇಮ ಕಳಿಸಿದ್ದು ಅಂದೆ. ಪುಸ್ತಕವನ್ನು ಸೆರಗಿನಲ್ಲಿ ಒರೆಸಿ, ನನ್ನ ಮುಖ ನೋಡಿ, ಕೈಗೆ ಕೊಟ್ಟಳು.

ಅದಾದ ಮೇಲೆ ದೀಪಾವಳಿಗೆ ಹಲಗೂರಿಗೆ ನಿಮ್ಮ ಮನೆಗೆ ಹೋದವಳು ಹಬ್ಬ ಮುಗಿದರೂ ಬರಲಿಲ್ಲ. ಬಂದ ಮೇಲೆ ಗೆಲುವಾಗಿದ್ದಾಳೆ. ಮದುವೆ ಮಾಡಿಸುವ ಮಂಚಮ್ಮ ಇನ್ನೊಂದು ಹೆಣ್ಣಿನ ಫೋಟೋ ತಂದರೆ "ಈಗ್ ಬ್ಯಾಡ ಬುಡು" ಅಂತ ಕಾಫಿ ಕೊಟ್ಟು ಕಳಿಸಿದಳು. ಯಾಕೆ ಅಂತ ಕೇಳಿದರೆ ಬಾಯಿ ಬಿಡುವುದಿಲ್ಲ. ನನಗೂ ಒಂದಷ್ಟು ದಿನ ಉಪ್ಪಿಟ್ಟು ತಿನ್ನುವುದು ತಪ್ಪಿತಲ್ಲ ಅಂತ ಸುಮ್ಮನಿದ್ದೇನೆ.

ಐದನೆಯದು ಕಳಿಸು. ಅವನು ಅವಳ ಹಿಂದೆ ಹೋದನೋ ಇಲ್ಲವೋ ಅಷ್ಟು ಹೇಳಿದರೂ ಸಾಕು.

ಮಹದೇವು


ಹಲಗೂರು
8 ಡಿಸೆಂಬರ್ 2024

ಮಾವ,

ಪುಸ್ತಕ ಕಳಿಸುತ್ತಿಲ್ಲ. ಈ ಕಾಗದ ಮಾತ್ರ ನಾಳೆ ಅಮೃತಳಿಗೆ ಕೊಡುತ್ತೇನೆ.

ನಿನಗೆ ಗೊತ್ತಿತ್ತಾ? ನಿಜ ಹೇಳು.

ನಿನ್ನೆ ಊರಿಗೆ ಬಂದೆ. ಅಮ್ಮ ತಲೆ ಬಾಚುತ್ತಾ, ಸೊಪ್ಪಿನ ಬೆಲೆ ಹೇಳುವ ಹಾಗೆ ಹೇಳಿದಳು: "ನಿನ್ನ ನಿಮ್ ಮಾವಂಗೇ ಕೊಡಾದು ಅಂತ ಮಾತಾಗದೆ ಕಣಮ್ಮಿ. ಒರಗ್ನೋರ್ಗೆ ಯಾಕ್ ಕೊಡಾನ?" ದೀಪಾವಳಿಯಲ್ಲಿ, ನಾನು ಹಾಸ್ಟೆಲಿನಲ್ಲಿದ್ದಾಗ, ಅಜ್ಜಿ ಬಂದು ಕೂತು ಮಾಡಿದ ಮಾತಂತೆ. ಅಪ್ಪನೂ ಒಪ್ಪಿದ್ದಾರಂತೆ. ಸಂಕ್ರಾಂತಿ ಆದ ಮೇಲೆ ಎಲೆ ಅಡಿಕೆ ಶಾಸ್ತ್ರ, ಬೇಸಿಗೆಯಲ್ಲಿ ಮದುವೆ. ನಾಲ್ಕನೆಯ ವರ್ಷ? "ಓದಿದ್ದು ಸಾಕು, ಮೂರ್ ವರ್ಸ ಆಯ್ತಲ್ಲ." ಮೂರು ವರ್ಷ ಓದಿ ನಿಲ್ಲಿಸಿದರೆ ಕೈಗೆ ಏನೂ ಸಿಗುವುದಿಲ್ಲ ಅಂತ ಅವಳಿಗೆ ಹೇಗೆ ತಿಳಿಸಲಿ?

ನಾನು ಬೇಡ ಅಂದೆ. ಮಾವ ನನ್ನನ್ನು ಸೈಕಲ್ ಕ್ಯಾರಿಯರಿನ ಮೇಲೆ ಕೂರಿಸಿಕೊಂಡು ಅಂಗನವಾಡಿಗೆ ಬಿಟ್ಟವನು ಅಂದೆ. ಅಮ್ಮ ನಕ್ಕಳು. ಆಮೇಲೆ ಏನು ಹೇಳಿದಳು ಗೊತ್ತಾ? "ಇಬ್ರೂ ಪುಸ್ತುಕ ಕೊಡಾದೇನು, ಕಾಗ್ದ ಬರಿಯಾದೇನು. ನಿಮ್ಮಜ್ಜಿ ಎಲ್ಲಾ ಯೋಳವ್ಳೆ. ಮನ್ಸಿಲ್ದೆ ಇದೆಲ್ಲ ಮಾಡ್ತಾರಾ?"

ನಾವು ಮಾತಾಡುವುದಕ್ಕೆ ಇದ್ದದ್ದು ಇದೊಂದು ಮಾಂಗಾ. ಅದನ್ನೂ ಸಾಕ್ಷಿ ಮಾಡಿಬಿಟ್ಟರು. ನನಗೆ ಎಷ್ಟು ಸಿಟ್ಟು ಬಂದಿದೆ ಅಂದರೆ ಅಳುವುದಕ್ಕೂ ಆಗುತ್ತಿಲ್ಲ.

"ಅವ್ನೇನೂ ಬ್ಯಾಡ ಅನ್ನಿಲ್ಲ" ಅಂದಳಂತೆ ಅಜ್ಜಿ, ನಿನ್ನ ಬಗ್ಗೆ. ಹೌದಾ?

ಹೇಮಶ್ರೀ


ಆತಗೂರು
22 ಡಿಸೆಂಬರ್ 2024

ಹೇಮ,

ದೀಪಾವಳಿಯಲ್ಲಿ ನನಗೆ ಗೊತ್ತಿರಲಿಲ್ಲ, ದೇವರಾಣೆ. ಆಮೇಲೆ ಒಂದು ದಿನ ಊಟಕ್ಕೆ ಕೂತಿದ್ದಾಗ ಅವ್ವ ಹೇಳಿದಳು. "ಹುಡುಗಿ ಓದುತ್ತಾಳಲ್ಲವ್ವ" ಅಂದೆ. ಅವಳು ಅಳತೊಡಗಿದಳು. ಅವಳಿಗೆ ಬಿ.ಪಿ. ಇದೆ, ನಿನಗೇ ಗೊತ್ತು. ಎದ್ದು ಕೈ ತೊಳೆದೆ. ಅದನ್ನೇ ಒಪ್ಪಿಗೆ ಅಂದುಕೊಂಡಿದ್ದಾಳೆ.

ನನಗೆ ಈ ಮದುವೆ ಬೇಕಿಲ್ಲ. ಆದರೆ ಇಷ್ಟು ವರ್ಷ ಹೋದ ಮನೆಯಲ್ಲೆಲ್ಲ ಆಗುವುದಿಲ್ಲ ಅನ್ನಿಸಿಕೊಂಡಿದ್ದೇನೆ. ಈಗ ಒಂದು ಮನೆಯವರು ಆಗುತ್ತದೆ ಅಂದದ್ದು ಕೇಳಿದಾಗ ಬೇಡ ಅನ್ನಲು ತಕ್ಷಣ ಬಾಯಿ ಬರಲಿಲ್ಲ. ಅದು ಆಸೆಯಲ್ಲ, ಸುಸ್ತು. ನಿನಗೆ ಅರ್ಥವಾಗುತ್ತದೋ ಇಲ್ಲವೋ.

ಕಬ್ಬು ಕಡಿಯಲು ಆಳು ಸಿಗುತ್ತಿಲ್ಲ, ಗರಿ ಒಣಗುತ್ತಿದೆ. ಅದೊಂದು ಮುಗಿಯಲಿ. ಸಮಯ ನೋಡಿ ನಿಧಾನವಾಗಿ ಅಕ್ಕನಿಗೆ ಹೇಳುತ್ತೇನೆ. ನೀನು ಚಿಂತೆ ಮಾಡದೆ ಓದಿಕೋ. ಎಲ್ಲ ಸರಿಹೋಗುತ್ತದೆ.

ಮಹದೇವು


ಮಂಡ್ಯ
5 ಜನವರಿ 2025

ಮಾವ,

ನಿನ್ನ ಕಾಗದವನ್ನು ವಾಪಸು ಕಳಿಸಿದ್ದೇನೆ. ನೀನೇ ಇನ್ನೊಂದು ಸಲ ಓದು. "ನಾಳೆ ಮಳೆ ಬರಬಹುದು" ಅಂದವನನ್ನು ಬಾನಿಗೆ ಎಸೆದೆಯಲ್ಲ, ಇದನ್ನು ಎಲ್ಲಿಗೆ ಎಸೆಯಬೇಕು?

ಸಂಕ್ರಾಂತಿ ಕಳೆದ ಭಾನುವಾರ ನಿಮ್ಮನ್ನು ಹಲಗೂರಿಗೆ ಕರೆದಿದ್ದಾರೆ. ನಾನು ಅಮ್ಮನಿಗೆ ಮೂರು ಸಲ ಬೇಡ ಅಂದಿದ್ದೇನೆ. ಹುಡುಗಿಯ ಬೇಡ ಅನ್ನುವ ಮಾತು ಈ ಮನೆಯಲ್ಲಿ ನಾಚಿಕೆ ಅಂತ ಲೆಕ್ಕ. ನಿನ್ನ ಮಾತನ್ನಾದರೂ ಕೇಳಿಸಿಕೊಳ್ಳುತ್ತಾರೆ.

ನನಗೆ ಇನ್ನು ಬರೆಯಬೇಡ. ಹೇಳುವುದಿದ್ದರೆ ಅಲ್ಲಿ ಹೇಳು.

ಹೇಮಶ್ರೀ


ಆತಗೂರು
23 ಜನವರಿ 2025

ಹೇಮ,

ಬರೆಯಬೇಡ ಅಂದಿದ್ದೆ. ನೀನು ಅಡುಗೆಮನೆಯ ಬಾಗಿಲ ಹಿಂದೆ ಇದ್ದೆ ಅಂತ ಗೊತ್ತು, ಆದರೆ ನಿನಗೆ ಎಷ್ಟು ಕೇಳಿಸಿತೋ ತಿಳಿಯದು. ಅದಕ್ಕೇ ಬರೆಯುತ್ತಿದ್ದೇನೆ.

ನಿಮ್ಮಪ್ಪನ ದೊಡ್ಡಪ್ಪ ಮರಿಯಯ್ಯನವರು ಎಲೆ ಅಡಿಕೆ ತಟ್ಟೆ ಮುಂದಿಟ್ಟುಕೊಂಡು ಕೂತಿದ್ದರು. ಭಾವ ಛತ್ರದ ಮಾತಾಡುತ್ತಿದ್ದರು. ನಾನು "ನಂಗೆ ಈ ಮದ್ವೆ ಬ್ಯಾಡ" ಅಂದೆ. ಯಾರೂ ತಿರುಗಿ ನೋಡಲಿಲ್ಲ, ಅಷ್ಟು ಮೆತ್ತಗೆ ಅಂದಿದ್ದೆನೋ ಏನೋ. ಇನ್ನೊಂದು ಸಲ ಅಂದೆ. ಮರಿಯಯ್ಯನವರು ನಕ್ಕು, ನಿಮ್ಮಪ್ಪನ ಕಡೆ ತಿರುಗಿ, "ಉಡ್ಗ ನಾಚ್ಕತಾವ್ನೆ ಕಣ್ಲಾ ಸಿದ್ದರಾಮು" ಅಂದರು. ಎಲ್ಲರೂ ನಕ್ಕರು.

ಆಗ ನಿನ್ನ ಕಾಗದ ಅರ್ಥವಾಯಿತು. ಎದ್ದು ನಿಂತೆ.

"ನಾಚ್ಕೆ ಅಲ್ಲ ದೊಡ್ಡಯ್ಯ. ಏಮ ನಾನು ಎತ್ತಿ ಆಡ್ಸಿದ್ ಮಗ. ಬ್ಯಾಡ ಅಂತ ಅವ್ಳೇ ಅವ್ರವ್ವಂಗೆ ಮೂರ್ ಸಲ ಯೋಳವ್ಳೆ. ನಾನೂ ಬ್ಯಾಡ ಅಂತಿವ್ನಿ. ಇನ್ ಯಾರ್ನ ಕೇಳ್ಬೇಕು ನೀವು?"

ಭಾವನ ಮುಖ ಕಪ್ಪಿಟ್ಟಿತು. "ಮೂವತ್ತೆರಡಾಗದೆ ನಿಂಗೆ. ಒಂದ್ ಎಣ್ಣು ಸಿಕ್ದೆ ಊರೂರು ಅಲೀತಿದ್ದೋನು. ಪಾಪ ಅಂತ ಕೊಡಾಕ್ ಬಂದ್ರೆ ನನ್ ಮಗ್ಳು ನಿಂಗೆ ಕಮ್ಮಿ ಆದ್ಲಾ?"

"ಕಮ್ಮಿ ಅಲ್ಲ ಭಾವ. ಅವ್ಳು ಕೂಸುಗಳ ನರ್ಸ್ ಆಯ್ತಾಳೆ. ಓದ್ ಮುಗ್ಸಾಕೆ ಬುಡಿ."

ನೀನು ಹೇಳಬೇಡ ಅಂದಿದ್ದ ವಿಷಯವೂ ಬಾಯಿಂದ ಬಂದುಬಿಟ್ಟಿತು. ಅಕ್ಕ ಅಳುತ್ತಾ, "ಪುಸ್ತುಕ ಇಸ್ಕಳಾಕೆ ಆಯ್ತದೆ, ಮದ್ವೆ ಆಗಾಕೆ ಆಗಾಕಿಲ್ವಾ? ಇನ್ಮ್ಯಾಕೆ ಈ ಮನೆ ವಸ್ಲು ತುಳೀಬ್ಯಾಡ ಓಗು" ಅಂದಳು. ನನ್ನನ್ನು ಸಾಕಿದವಳು ಅವಳು. ಎಲೆ ಹಾಕಿ ಪಾಯಸ ಬಡಿಸಿದ್ದರು, ಅದನ್ನು ದಾಟಿಕೊಂಡೇ ಹೊರಗೆ ಬಂದೆ.

ಮಳವಳ್ಳಿವರೆಗೂ ಅವ್ವ ಬೇರೆ ಸೀಟಿನಲ್ಲಿ ಕೂತಳು. ಮದ್ದೂರಿನ ಬಸ್ಸಿನಲ್ಲೂ ಕಿಟಕಿಯ ಕಡೆಗೇ ಮುಖ. ಮದ್ದೂರಿನಲ್ಲಿ ಇಳಿದು ಚೀಲ ಕೈಗೆ ಕೊಡುವಾಗ ಒಂದೇ ಮಾತು ಅಂದಳು. "ನಾನೂ ನನ್ ಸೋದರ್ಮಾವನ್ನೇ ಮದ್ವೆ ಆದೋಳು. ನನ್ನ ಯಾರೂ ಕೇಳಿರ್ನಿಲ್ಲ."

ನನ್ನನ್ನು ಬೈದಳೋ, ಇನ್ನೇನು ಹೇಳಿದಳೋ ಗೊತ್ತಾಗಲಿಲ್ಲ. ಮತ್ತೆ ಕೇಳಲು ಧೈರ್ಯವಾಗಲಿಲ್ಲ.

ಮಹದೇವು


ಮಂಡ್ಯ
6 ಏಪ್ರಿಲ್ 2025

ಮಾವ,

ಇಷ್ಟು ದಿನ ಬರೆಯದೆ ಇದ್ದದ್ದು ಸಿಟ್ಟಿನಿಂದಲ್ಲ. ಕಾಗದ ಬರೆಯುವುದಿಲ್ಲ ಅಂತ ಅಪ್ಪ ನನ್ನಿಂದ ಮಾತು ತೆಗೆದುಕೊಂಡಿದ್ದರು. ನಾಲ್ಕನೆಯ ವರ್ಷದ ಫೀಸು ಕಟ್ಟಿದ್ದಾರೆ, ಮುಖ ನೋಡದೆ ಕಟ್ಟಿದ್ದಾರೆ. ಅಮ್ಮ ಯುಗಾದಿಗೆ ಒಬ್ಬಟ್ಟು ಮಾಡುವಾಗ "ನಿಮ್ ಮಾವಂಗೆ ಕಾಯೊಬ್ಬಟ್ಟೇ ಆಗ್ಬೇಕು" ಅಂತ ಶುರುಮಾಡಿದವಳು ಅಲ್ಲಿಗೇ ನಿಲ್ಲಿಸಿ ಒಲೆ ಸಣ್ಣ ಮಾಡಿದಳು.

ಬಾಗಿಲ ಹಿಂದೆ ನನಗೆ ಎಲ್ಲವೂ ಕೇಳಿಸಿತು. ಅದನ್ನು ಹೇಳಬೇಕಿತ್ತು.

ಹತ್ತನೆಯದು ಬಂತು, ಓದಿ ಮುಗಿಸಿದೆವು. ಶೋಹೇ ಕೊನೆಗೂ ಹೇಳಿದ. ಪಟ್ಟಣಕ್ಕೆ ಹೋಗಿ, ಕಾಲೇಜಿನ ಗೇಟಿನ ಮುಂದೆ ನಿಂತು, ಎಲ್ಲರ ಎದುರಿಗೆ. ಅವಳೂ ಹೇಳಿದಳು. ಕೊನೆಯ ಪುಟದಲ್ಲಿ ಇಬ್ಬರ ನೆರಳು ಮಾತ್ರ ಇದೆ. ನಮ್ಮ ರೂಮಿನವರು ಕುಣಿದದ್ದಕ್ಕೆ ವಾರ್ಡನ್ ಬಂದು ಬೈದರು. ನನಗೆ ಮಾತ್ರ ಏನೋ ಸಾಲದು ಅನ್ನಿಸಿತು. ನಿನ್ನ ಹತ್ತಿರ ಮಾತಾಡಬೇಕು ಅನ್ನಿಸಿತು. ಅದಕ್ಕೆ ಅಪ್ಪನಿಗೆ ಕೊಟ್ಟ ಮಾತು ಮುರಿದು ಐದರಿಂದ ಹತ್ತರವರೆಗೆ ಎಲ್ಲ ಕಳಿಸುತ್ತಿದ್ದೇನೆ. ಅಮೃತಳ ಬ್ಯಾಗು ಭಾರವಾಯಿತು ಅಂತ ಬೈಯುತ್ತಿದ್ದಾಳೆ.

ಹೇಮ


ಆತಗೂರು
18 ಮೇ 2025

ಹೇಮ,

ಎಲ್ಲ ಓದಿದೆ. ನಿನಗೆ ಯಾಕೆ ಸಾಲದು ಅನ್ನಿಸಿತೋ ಗೊತ್ತಿಲ್ಲ, ನನಗೆ ಯಾಕೆ ಅಂತ ಹೇಳುತ್ತೇನೆ. ಹತ್ತು ಪುಸ್ತಕದ ತೊಡಕೆಲ್ಲ ಆ ಹುಡುಗ ಬಾಯಿ ಬಿಡದ್ದು. ಬಿಟ್ಟ ಕೂಡಲೇ ಕಥೆ ಮುಗಿಯಿತು, ನೆರಳು ಬಿತ್ತು. ಬಾಯಿ ಬಿಟ್ಟ ಮೇಲೆ ಗದ್ದೆ ಯಾರು ನೋಡಿಕೊಂಡರು? ಅವಳು ಊರಿಗೆ ಬಂದಳಾ, ಅವನು ಪಟ್ಟಣಕ್ಕೆ ಹೋದನಾ? ಅದನ್ನು ಬರೆಯಲಿಲ್ಲ.

ನಾನೂ ಒಬ್ಬರನ್ನು ಕೇಳಿದೆ. ನಾಗಮಣಿ ಅಂತ. ಮದ್ದೂರಿನಲ್ಲಿ ತಾಲ್ಲೂಕು ಕಚೇರಿಯ ಹತ್ತಿರ ಜೆರಾಕ್ಸ್ ಅಂಗಡಿ ಇಟ್ಟಿದ್ದಾರೆ. ಪಹಣಿ ಜೆರಾಕ್ಸಿಗೆ ಹೋಗುತ್ತಿದ್ದೆ, ಕರೆಂಟು ಹೋದಾಗೆಲ್ಲ ಕೂತು ಮಾತಾಡುತ್ತಿದ್ದೆವು. ನನಗಿಂತ ಒಂದು ವರ್ಷಕ್ಕೆ ದೊಡ್ಡವರು, ಮದುವೆಯಾಗಿಲ್ಲ. ಮಂಚಮ್ಮನನ್ನು ಕಳಿಸಲಿಲ್ಲ, ಅವ್ವನಿಗೂ ಹೇಳಲಿಲ್ಲ. ಹೋದ ವಾರ ನಾನೇ ಕೇಳಿದೆ. "ನಿಮ್ಮುನ್ನ ಮದ್ವೆ ಮಾಡ್ಕಬೇಕು ಅಂತ ಆಸೆ ಅದೆ. ನಿಮ್ಗೆ ಎಂಗೆ?" ಕಿವಿ ಸುಡುತ್ತಿತ್ತು, ಕೆಂಪಾಗಿತ್ತೋ ಏನೋ.

ಅವರು ಮಿಷನ್ ಆಫ್ ಮಾಡಿ, ಅರ್ಧ ಬಾಗಿಲು ಎಳೆದು, ಸ್ಟೂಲಿನ ಮೇಲೆ ಕೂತರು. "ನಂಗೂ ಆಸೆ ಅದೆ" ಅಂದರು. ಹೇಮ, ಅಷ್ಟು ನೇರವಾಗಿ! ಆಮೇಲೆ ಅಂದರು, "ನಮ್ಮವ್ವಂಗೆ ಸ್ಟ್ರೋಕ್ ಆಗಿ ಮಲ್ಗವ್ಳೆ. ನಾನೊಬ್ಳೇ ಮಗ್ಳು. ನೀವು ಬಂದು ನಮ್ಮನೇಲಿ ಇರ್ತೀರಾ?"

ಅವ್ವ, ಹಸು, ಕಬ್ಬು, ಎಲ್ಲ ಕಣ್ಣ ಮುಂದೆ ಬಂತು. ಆಗಾಕಿಲ್ಲ ಅಂದೆ. "ನಿಮ್ಮವ್ವನ್ನೂ ನಮ್ಮೂರ್ಗೇ ಕರ್ಕಬನ್ನಿ" ಅಂದೆ.

"ಕೈಕಾಲ್ ಆಡ್ಸೋ ಡಾಕ್ಟ್ರು ಇಲ್ಲೇ ಅವ್ರೆ. ಅಲ್ಗೆ ಬಂದ್ರೆ ಇರೋ ಒಂದ್ ಕೈನೂ ಓಯ್ತದೆ. ನಂಗೂ ಆಗಾಕಿಲ್ಲ."

ನನಗೆ ಕೋಪ ಬಂತು, ಯಾರ ಮೇಲೆ ಅಂತ ಗೊತ್ತಾಗಲಿಲ್ಲ. ಅವರು ಮುಚ್ಚುಮರೆ ಮಾಡಲಿಲ್ಲ, ನಾನೂ ಮಾಡಲಿಲ್ಲ. ಹೇಳಬೇಕಾದ್ದನ್ನೆಲ್ಲ ಹೇಳಿದ ಮೇಲೂ ಗಂಟು ಗಂಟಾಗಿಯೇ ಉಳಿಯಿತು. ನಿನ್ನ ಜಪಾನಿನವರು ಇದಕ್ಕೆ ಯಾವ ಚಿತ್ರ ಬರೆಯುತ್ತಾರೆ?

ನಾನು ಎದ್ದು ಹೊರಟೆ. ಅವರು ಮಿಷನ್ ಆನ್ ಮಾಡಿದರು. ಅದು ಬಿಸಿಯಾಗುವ ತನಕ ಕಾಯುತ್ತಾ, ನನ್ನ ಕಡೆ ನೋಡದೆ ಅಂದರು: "ಮಂಗ್ಳಾರ ಮದ್ದಾನ ಅಂಗ್ಡೀಲಿ ಜನ ಕಮ್ಮಿ ಇರ್ತಾರೆ."

ನನ್ನ ಹತ್ತಿರ ಜೆರಾಕ್ಸ್ ಮಾಡಿಸುವ ಕಾಗದ ಒಂದೂ ಉಳಿದಿಲ್ಲ. ಮಂಗಳವಾರ ಹೋಗುತ್ತೇನೆ.

ನಿನ್ನ ಮಾವ,
ಮಹದೇವು